ಭತ್ತ ಒಣಗುವ ಕೋರ್ಟಿನ ಕೋಚ್

ದೈಹಿಕ ಶಿಕ್ಷಣ ನಿರ್ದೇಶಕ ಎಂಬ ಹುದ್ದೆಯ ಹೆಸರಿಗೆ ಮರುಳಾಗಿ ಈ ಕೆಲಸಕ್ಕೆ ಬರುವ ತರುಣರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನೀವು ಯಾರನ್ನೂ ನಿರ್ದೇಶಿಸುವುದಿಲ್ಲ. ಸಿಂಧನೂರಿನ ನಮ್ಮ ಖಾಸಗಿ ಪದವಿ ಕಾಲೇಜಿಗೆ ಸೇರಿದ ಮೊದಲ ವಾರ ನಾನು ಮಾಡಿದ ಕೆಲಸಗಳೆಂದರೆ ಸಭೆಗೆ ಖುರ್ಚಿ ಹಾಕಿಸಿದ್ದು, ಅತಿಥಿಗಳು ಬರುವವರೆಗೆ ವಿದ್ಯಾರ್ಥಿಗಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದು, ಗಣಿತದ ಉಪನ್ಯಾಸಕರು ತರಗತಿಯ ಗದ್ದಲ ತಡೆಯಲಾರದೆ ಕರೆದಾಗ ಹೋಗಿ ಬಾಗಿಲಲ್ಲಿ ಸುಮ್ಮನೆ ನಿಂತದ್ದು. ನಿವೃತ್ತಿಯಾಗುವವರೆಗೂ ಇದರಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ. ಖುರ್ಚಿಗಳು ಕಬ್ಬಿಣದವು ಹೋಗಿ ಪ್ಲಾಸ್ಟಿಕ್ಕಿನವು ಬಂದವು, ಅಷ್ಟೆ.

ನಾನು ಸಂತೆಕಲ್ಲೂರಿನವನು, ಹೆಸರು ಅಮರಪ್ಪ. ಕುರಿ ಕಾಯುವ ಮನೆತನ. ಮರಿಗಳ ಹಿಂದೆ ಹೊಲದಿಂದ ಹೊಲಕ್ಕೆ ಓಡಿ ಬೆಳೆದವನಿಗೆ ಓಟವನ್ನು ಯಾರೂ ಕಲಿಸಬೇಕಾಗಲಿಲ್ಲ. ಕಬಡ್ಡಿಯಲ್ಲಿ ಸುತ್ತಲಿನ ಊರುಗಳಲ್ಲಿ ಹೆಸರು ಮಾಡಿದ್ದೆ. ಆ ಹೆಸರಿನ ಧೈರ್ಯದ ಮೇಲೆಯೇ ದೈಹಿಕ ಶಿಕ್ಷಣದ ಪದವಿ ಓದಿದೆ. ಬ್ಯಾಸ್ಕೆಟ್‌ಬಾಲ್ ಬಗ್ಗೆ ನನಗಿದ್ದ ಜ್ಞಾನವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಕೋರ್ಟಿನ ಅಳತೆ ಮಾತ್ರ. ಉದ್ದ ಇಪ್ಪತ್ತೆಂಟು ಮೀಟರ್, ಅಗಲ ಹದಿನೈದು. ಅದರೊಳಗೆ ಏನು ನಡೆಯುತ್ತದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

ಇಂಥವನು ಬ್ಯಾಸ್ಕೆಟ್‌ಬಾಲ್ ಕೋಚ್ ಆದದ್ದು ಹೀಗೆ. ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ತಂಡವೊಂದು ಬರುವುದಿತ್ತು. ಕ್ರೀಡಾ ಸೌಲಭ್ಯಕ್ಕೂ ಅಂಕಗಳುಂಟು ಎಂದು ಯಾರೋ ಹೇಳಿದರು. ಆಡಳಿತ ಮಂಡಳಿಯ ಅಧ್ಯಕ್ಷರಾದ ವೀರಭದ್ರಪ್ಪನವರು ಅಕ್ಕಿ ಗಿರಣಿಯ ಮಾಲಕರು. ಅವರು ತಮ್ಮ ತಂದೆಯ ನೆನಪಿಗೆ ಕಾಂಕ್ರೀಟಿನ ಕೋರ್ಟು ಕಟ್ಟಿಸಿ, ಒಂದು ತುದಿಯಲ್ಲಿ ಕರಿಕಲ್ಲಿನ ಮೇಲೆ ತಂದೆಯ ಹೆಸರು ಕೆತ್ತಿಸಿದರು. ಕೋರ್ಟು ಬಂದ ಮೇಲೆ ಅದಕ್ಕೊಂದು ಆಟ ಬೇಕಾಯಿತು, ಆಟಕ್ಕೆ ತಂಡ ಬೇಕಾಯಿತು. ಹುಡುಗರೆಲ್ಲ ಕ್ರಿಕೆಟ್ಟಿಗೆ ಹೋಗಿಬಿಟ್ಟಿದ್ದರು. ಪ್ರಾರ್ಥನೆಯ ಸಾಲಿನಲ್ಲಿ ಎತ್ತರವಾಗಿ ಕಂಡ ಹನ್ನೆರಡು ಹುಡುಗಿಯರ ಹೆಸರು ಬರೆದುಕೊಂಡೆ. ಅವರಲ್ಲಿ ಯಾರೂ ಆ ಚೆಂಡನ್ನು ಮುಟ್ಟಿದವರಲ್ಲ. ಆ ಮಟ್ಟಿಗೆ ನಮ್ಮಲ್ಲಿ ಸಮಾನತೆ ಇತ್ತು.

ಮೊದಲ ಪಂದ್ಯ ಲಿಂಗಸುಗೂರಿನಲ್ಲಿ. ಅರ್ಧ ಆಟ ಮುಗಿಯುವವರೆಗೆ ನಮ್ಮ ಹುಡುಗಿಯರು ಹೇಗೋ ಮಾನ ಉಳಿಸಿಕೊಂಡಿದ್ದರು. ವಿರಾಮದ ನಂತರ ಆಟ ಶುರುವಾದ ಕೂಡಲೇ ನಮ್ಮ ಹುಲಿಗೆಮ್ಮನ ಕೈಗೆ ಚೆಂಡು ಸಿಕ್ಕಿತು. ಅವಳು ಒಂದು ಕಡೆ ತಿರುಗಿದಳು. ನಾನು ಬೆಂಚಿನಿಂದ ಎದ್ದು ಊರಿಗೆಲ್ಲ ಕೇಳುವಂತೆ ಕೂಗಿದೆ:

“ಏ ಹುಲಿಗೆಮ್ಮ, ಆ ಕಡೆ ಅಲ್ಲ! ಈ ಕಡೆ, ಈ ಕಡೆ!”

ಗುರುಗಳ ಮಾತು ಮೀರದ ಹುಡುಗಿ ತಿರುಗಿ ಓಡಿ ಬಂದು, ಯಾರ ಅಡ್ಡಿಯೂ ಇಲ್ಲದೆ, ಸೊಗಸಾಗಿ ಚೆಂಡನ್ನು ಬುಟ್ಟಿಗೆ ಹಾಕಿದಳು. ನಾನು ಚಪ್ಪಾಳೆ ತಟ್ಟಿದೆ. ಎದುರು ತಂಡದವರು ನನಗಿಂತ ಜೋರಾಗಿ ತಟ್ಟಿದರು. ವಿರಾಮದ ನಂತರ ತಂಡಗಳು ಬುಟ್ಟಿ ಬದಲಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ನಿಯಮದ ಪ್ರಕಾರ ಆ ಎರಡು ಅಂಕಗಳನ್ನು ಎದುರಾಳಿ ನಾಯಕಿಯ ಹೆಸರಿಗೆ ಬರೆದುಕೊಂಡರು. ಆ ತಂಡದ ಕೋಚ್ ಪಂದ್ಯ ಮುಗಿದ ಮೇಲೆ ಬಂದು ನನ್ನ ಕೈ ಕುಲುಕಿ, “ಭಾಳ ಉಪಕಾರ ಆತ್ರಿ” ಎಂದ.

ಬಸ್ಸಿನಲ್ಲಿ ಹುಲಿಗೆಮ್ಮ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮಸ್ಕಿಯ ಹುಡುಗಿ, ಮಾತು ಕಡಿಮೆ.

“ಸರ್ರ, ಈ ಆಟದ ನಿಯಮ ಎಲ್ಲ್ಯಾರ ಬರದಾರೇನ್ರಿ?”

“ಪುಸ್ತಕ ಐತಿ. ಯಾಕವ್ವ?”

“ನೀವು ಓದೀರೇನ್ರಿ?”

ನಾನು ಕಿಟಕಿಯ ಹೊರಗೆ ನೋಡಿದೆ. ಮರುದಿನ ಅವಳು ಪುಸ್ತಕ ಕೇಳಿ ಒಯ್ದಳು. ಇಂಗ್ಲಿಷ್ ಪುಸ್ತಕ. ನಿಘಂಟು ಇಟ್ಟುಕೊಂಡು ಒಂದೊಂದೇ ನಿಯಮ ಬಿಡಿಸಿ ಓದಿ, ಸಂಜೆ ಬಂದು ನನಗೆ ಹೇಳುತ್ತಿದ್ದಳು. ನಾನು “ಹೂಂ, ಹೂಂ, ಬರೋಬ್ಬರಿ” ಎನ್ನುತ್ತಿದ್ದೆ. ಮರುದಿನ ಅದನ್ನೇ ಸೀಟಿ ಊದಿ ತಂಡಕ್ಕೆ ಹೇಳುತ್ತಿದ್ದೆ. ಅವಳು ಪದವಿ ಮುಗಿಸಿ ಹೋಗುವ ಹೊತ್ತಿಗೆ ನಾನು ಸಾಕಷ್ಟು ಬಲ್ಲವನೆಂದು ಹೆಸರಾಗಿದ್ದೆ.

ಅವಳು ಹೋದ ಮೇಲೆ ನಾವು ಹೆಚ್ಚು ಶಿಸ್ತಿನಿಂದ ಸೋಲತೊಡಗಿದೆವು. ಆಗಿನ ಪ್ರಾಂಶುಪಾಲರು ಕನ್ನಡ ಪಂಡಿತರು, ಮೃದು ಸ್ವಭಾವದವರು. ವಾರ್ಷಿಕ ವರದಿಯಲ್ಲಿ ನಾನು “ಸೋಲು” ಎಂದು ಬರೆದದ್ದನ್ನು ನೋಡಿ ಅವರಿಗೆ ನೋವಾಯಿತು.

“ಅಮರಪ್ಪ, ಒಂದು ಪಂದ್ಯದಾಗ ಎಷ್ಟು ತಂಡ ಆಡ್ತಾವ?”

“ಎರಡ್ರಿ.”

“ಗೆದ್ದವರು ಮೊದಲನೇ ಸ್ಥಾನ. ಹಂಗಾದ್ರ ನಾವು?”

ಅಂದಿನಿಂದ ನಮ್ಮ ತಂಡ ಪ್ರತಿ ವರ್ಷ ದ್ವಿತೀಯ ಸ್ಥಾನ ಪಡೆಯಿತು. ವಾರ್ಷಿಕೋತ್ಸವದಲ್ಲಿ ಅದನ್ನು ಓದುವಾಗ ಚಪ್ಪಾಳೆ ಬೀಳುತ್ತಿತ್ತು. ಆ ಪ್ರಾಂಶುಪಾಲರು ವರ್ಗವಾಗದೆ, ಮನಸ್ತಾಪವಿಲ್ಲದೆ, ಎಲ್ಲರ ಪ್ರೀತಿಯಲ್ಲಿ ನಿವೃತ್ತರಾದರು. ಅವರ ನಂತರ ಬಂದವರು ಆ ಪದ್ಧತಿಯನ್ನು ಹಾಗೆಯೇ ಮುಂದುವರಿಸಿದರು.

ಇನ್ನು ಭತ್ತದ ವಿಷಯ. ಸಿಂಧನೂರಿನ ಸುತ್ತ ಕಾಲುವೆ ನೀರು. ವರ್ಷಕ್ಕೆ ಎರಡು ಸಲ ಕೊಯ್ಲು. ಹಸಿ ಭತ್ತ ಒಣಗಿಸಲು ರಸ್ತೆ, ಅಂಗಳ, ಎಲ್ಲಿ ಗಟ್ಟಿ ನೆಲ ಕಂಡರೂ ಜನ ಹರವುತ್ತಾರೆ. ಅಧ್ಯಕ್ಷರ ಗಿರಣಿ ಕಾಲೇಜಿನ ಹಿಂದೆಯೇ ಇತ್ತು. ಇಪ್ಪತ್ತೆಂಟಕ್ಕೆ ಹದಿನೈದು ಮೀಟರಿನ ಕಾಂಕ್ರೀಟು ನೆಲ ಖಾಲಿ ಬಿದ್ದಿರುವುದನ್ನು ಯಾವ ಗಿರಣಿ ಮಾಲಕ ತಾನೇ ಸಹಿಸಿಕೊಂಡಾನು? ಕೊಯ್ಲಿನ ಕಾಲದಲ್ಲಿ ವಾರಗಟ್ಟಲೆ ಕೋರ್ಟು ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ನಾವು ಅಂಚಿನಲ್ಲಿ ನಿಂತು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದೆವು. ಕೈ ತಪ್ಪಿ ಚೆಂಡು ಭತ್ತದಲ್ಲಿ ಬಿದ್ದರೆ ಗಿರಣಿಯ ಆಳು ಓಡಿ ಬಂದು ಗದರಿಸುತ್ತಿದ್ದ. ನಾನು ಇಷ್ಟೂ ವರ್ಷ ಒಮ್ಮೆಯೂ ಅಧ್ಯಕ್ಷರ ಮುಂದೆ ಬಾಯಿ ಬಿಡಲಿಲ್ಲ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಬದುಕುವ ರೀತಿ ಎನಿಸಿತ್ತು.

ಈ ನಡುವೆ ಮೊಬೈಲು ಬಂತು. ಮೊದಲು ಹುಡುಗಿಯರು ನನ್ನ ಬಾಯಿ ನೋಡುತ್ತಿದ್ದರು, ಆಮೇಲೆ ಮೊಬೈಲು ನೋಡತೊಡಗಿದರು. ಲಕ್ಷ್ಮಿ ಎಂಬ ನಾಯಕಿ ವಳಕಮದಿನ್ನಿಯಿಂದ ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಆಟದ ವಿಡಿಯೋ ನೋಡಿಕೊಂಡು ಬಂದು, “ಸರ್ರ, ಇವರು ಚೆಂಡು ಇಲ್ಲದಾಗೂ ಓಡಾಕತ್ತಾರ, ಯಾಕ್ರಿ?” ಎಂದು ಕೇಳುತ್ತಿದ್ದಳು. ನನಗೆ ಗೊತ್ತಿರಲಿಲ್ಲ. “ಅವರದು ಬ್ಯಾರೆ ಹವಾ, ನಮ್ಮದು ಬ್ಯಾರೆ ಹವಾ” ಎಂದು ಹೇಳಿ ಸೀಟಿ ಊದುತ್ತಿದ್ದೆ. ತರುಣ ಮಿತ್ರರೆ, ಉತ್ತರ ಗೊತ್ತಿಲ್ಲದಾಗ ಸೀಟಿಯಷ್ಟು ಉಪಯೋಗಕ್ಕೆ ಬರುವ ಸಾಧನ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ನನ್ನ ಸೇವೆ ಇನ್ನು ನಾಲ್ಕು ವರ್ಷ ಉಳಿದಿದ್ದಾಗ ಅಂತರ ಕಾಲೇಜು ಪಂದ್ಯ ನಮ್ಮಲ್ಲೇ ನಡೆಯಿತು. ಹಿಂದಿನ ದಿನ ಭತ್ತ ಎತ್ತಿಸಿ ನೆಲ ಗುಡಿಸಿದ್ದೆವು. ವರ್ಷ ವರ್ಷ ದ್ವಿತೀಯ ಸ್ಥಾನದ ವರದಿ ಕೇಳಿದ್ದ ಅಧ್ಯಕ್ಷರು ಈ ಸಲ ಬೀಗರನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ನಾವು ಎಂಥ ಸೋಲು ಸೋತೆವೆಂದರೆ, ಕೊನೆಗೆ ಅಂಕ ಬರೆಯುವವನು ನಮ್ಮ ಕಡೆಯ ಪಟ್ಟಿಯನ್ನು ನೋಡುವುದನ್ನೇ ಬಿಟ್ಟಿದ್ದ. ಬೀಗರು ಮರ್ಯಾದಸ್ಥರು, ನಗು ತಡೆದುಕೊಳ್ಳಲು ಎರಡು ಸಲ ಎದ್ದು ಹೊರಗೆ ಹೋಗಿ ಬಂದರು.

ಪಂದ್ಯ ಮುಗಿದ ಮೇಲೆ ಅಧ್ಯಕ್ಷರು ಪ್ರಾಂಶುಪಾಲರನ್ನು ಕರೆದರು.

“ವರ್ಷಾ ಎರಡನೇ ನಂಬರ್ ಬರೋರು ಹಿಂಗ ಸೋಲ್ತಾರೇನ್ರಿ? ನಮ್ಮಪ್ಪನ ಹೆಸರಿನ ಕಲ್ಲಿನ ಮುಂದ ಮರ್ಯಾದಿ ಕಳದ್ರಲ್ಲ!”

ಪ್ರಾಂಶುಪಾಲರು ನನ್ನ ಕಡೆ ನೋಡಿದರು. ಹಾಗೆ ನೋಡುವುದನ್ನು ಅವರು ಬಹಳ ಕಾಲ ಅಭ್ಯಾಸ ಮಾಡಿದ್ದರೆಂದು ತೋರಿತು. ಮರುದಿನ ಎರಡು ಸಂಗತಿ ನಡೆದವು. ಕೋರ್ಟಿಗೆ ಭತ್ತ ವಾಪಸು ಬಂತು. ಕೋಚ್ ಬದಲಿಸಬೇಕೋ ಬೇಡವೋ ಎಂದು ವಿಚಾರಿಸಲು ಮಂಡಳಿಯ ಸದಸ್ಯರಾದ ಶಿವಶರಣಪ್ಪನವರನ್ನು ನೇಮಿಸಿದರು. ಅವರದು ಮಸ್ಕಿಯಲ್ಲಿ ದೊಡ್ಡ ಬಟ್ಟೆ ಅಂಗಡಿ.

ಶಿವಶರಣಪ್ಪನವರು ತಮ್ಮ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ. ಹಣೆಗೆ ವಿಭೂತಿ, ಕೈಯಲ್ಲಿ ಡೈರಿ ಹಿಡಿದು ಸಂಜೆಯ ಅಭ್ಯಾಸ ನೋಡಲು ಬಂದರು. ಕೋರ್ಟಿನ ಅಂಚಿಗೆ ಬಂದವರೇ ಚಪ್ಪಲಿ ಬಿಟ್ಟರು.

“ಧಾನ್ಯ ತುಳೀಬಾರದ್ರಿ ಮಾಸ್ತರ” ಎಂದು ಹೇಳಿ, ಬರಿಗಾಲಲ್ಲಿ ಭತ್ತದ ನಡುವಿನ ಸಣ್ಣ ಹಾದಿಯಲ್ಲಿ ಹೆಜ್ಜೆ ಇಟ್ಟು, ಬುಟ್ಟಿಯ ಕೆಳಗೆ ಹೋಗಿ ಮೇಲೆ ನೋಡಿದರು. ಅಂಚಿನಲ್ಲಿ ಹನ್ನೆರಡು ಹುಡುಗಿಯರು ಒತ್ತೊತ್ತಾಗಿ ನಿಂತು ಚೆಂಡು ಎಸೆಯುತ್ತಿದ್ದರು.

“ಹುಡುಗ್ಯಾರು ಓಡಾಡಂಗಿಲ್ಲಲ್ರಿ. ಚುರುಕಿಲ್ಲ.”

“ಓಡಾಡಾಕ ಜಾಗಾ...” ಎಂದು ಶುರು ಮಾಡಿದೆ.

“ಜಾಗಾ ಏನ್ರಿ, ಇಷ್ಟು ದೊಡ್ಡದು ಐತಿ!” ಎಂದು ಅವರು ಭತ್ತದ ಮೇಲೆ ಕೈ ಬೀಸಿದರು.

ಅವರ ವರದಿಯನ್ನು ಆಮೇಲೆ ಓದಿದೆ. ಹುಡುಗಿಯರ ಎತ್ತರ ಸಾಲದು, ಒಂದು ಬುಟ್ಟಿ ದಕ್ಷಿಣ ದಿಕ್ಕಿಗೆ ಮುಖ ಮಾಡಿದೆ, ಉಡುಪು ಸಡಿಲವಾಗಿದ್ದು ಬಣ್ಣವೂ ಉತ್ಸಾಹ ಹುಟ್ಟಿಸುವಂತಿಲ್ಲ, ಕೋಚ್‌ಗೆ ವಯಸ್ಸಾಗಿದೆ ಎಂದು ಬರೆದಿದ್ದರು. ಇವುಗಳಲ್ಲಿ ತಕ್ಷಣ ಬದಲಿಸಲು ಸಾಧ್ಯವಾದವು ಉಡುಪು ಮತ್ತು ಕೋಚ್ ಎಂದೂ ಸೂಚಿಸಿದ್ದರು. ಭತ್ತ ಎಂಬ ಶಬ್ದ ಎಲ್ಲೂ ಇರಲಿಲ್ಲ.

ನನ್ನ ಜಾಗಕ್ಕೆ ಬರುವವನು ಯಾರೆಂಬುದು ವರದಿಗೆ ಮೊದಲೇ ಎಲ್ಲರಿಗೂ ತಿಳಿದಿತ್ತು. ಅಧ್ಯಕ್ಷರ ತಂಗಿಯ ಮಗ ಪ್ರಶಾಂತ, ಜಿಮ್ಮಿನಲ್ಲಿ ಮೈ ಬೆಳೆಸಿದ ಸುಂದರ ತರುಣ. ಒಂದು ದಿನ ಅವನೇ ನನ್ನ ಕೊಠಡಿಗೆ ಬಂದ. ಹಮ್ಮು ತೋರಿಸಲು ಬಂದಿದ್ದಾನೆ ಎಂದುಕೊಂಡು ನಾನು ಗಂಭೀರವಾಗಿ ಹಾಜರಿ ಪುಸ್ತಕ ತಿರುವುತ್ತ ಕೂತೆ.

“ಸರ್ರ, ನನಗ ಬ್ಯಾಸ್ಕೆಟ್‌ಬಾಲ್ ಬರಂಗಿಲ್ರಿ. ಮಾವ ಒಂದೇ ಸಮನೆ ಬೆನ್ನು ಹತ್ಯಾರ. ನೀವು ಹೆಂಗರ ಮಾಡಿ ಉಳೀರಿ, ನಿಮ್ಮ ಕಾಲು ಬೀಳ್ತೀನಿ.”

“ನನಗರ ಎಲ್ಲಿ ಬರತೈತೋ ತಮ್ಮಾ?” ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಸುದ್ದಿ ಹಳ್ಳಿಗಳಿಗೂ ಹೋಯಿತು. ಹುಡುಗಿಯರ ಮನೆಯವರು ಬಂದು ಪ್ರಾಂಶುಪಾಲರ ಮುಂದೆ ಕೂತರು. ಅಮರಪ್ಪ ಮಾಸ್ತರರಿದ್ದರೆ ಮಕ್ಕಳನ್ನು ಕಳಿಸುತ್ತೇವೆ, ಹರೆಯದವನು ಬಂದರೆ ಕಳಿಸುವುದಿಲ್ಲ ಎಂದರು. ನನ್ನ ಎದೆ ಉಬ್ಬಿತು. ಸಂಜೆ ಲಕ್ಷ್ಮಿಯನ್ನು ಕರೆದು, ಹೊಗಳಿಕೆಯ ಆಸೆಯಿಂದಲೇ ಕೇಳಿದೆ:

“ನಿಮ್ಮ ಮನಿಯವರು ನಾನೇ ಇರಬೇಕು ಅಂತಾರ. ನೀ ಏನಂತಿ?”

ಅವಳು ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ನಿಂತಳು.

“ಬೈಬ್ಯಾಡ್ರಿ ಸರ್ರ.”

“ಬೈಯಂಗಿಲ್ಲ, ಹೇಳು.”

“ನೀವು ಭಾಳ ಛಲೋ ಅದೀರಿ. ಬಸ್ಸಿನ್ಯಾಗ ನಮಗ ಸೀಟು ಕೊಡಸ್ತೀರಿ, ಮನಿ ಮುಟ್ಟಿದ್ವೋ ಇಲ್ಲೋ ಅಂತ ಫೋನ್ ಮಾಡ್ತೀರಿ. ಖರೆ ನಿಮಗ ಈ ಆಟ ಬರಂಗಿಲ್ರಿ. ಬರೋ ವರ್ಷ ನನಗ ಕಡೀದು. ಒಂದರ ಪಂದ್ಯ ಗೆಲ್ಲಬೇಕು ಅನಸ್ತೈತಿ.”

ಬೈಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕೊಡದಿದ್ದರೂ ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ನನ್ನ ಮೇಲಿನವರು ಯಾರೂ ಹೇಳದಿದ್ದ ಮಾತನ್ನು ಇಪ್ಪತ್ತು ವರ್ಷದ ಹುಡುಗಿ, ಅದೂ ಪ್ರೀತಿಯಿಂದ, ಹೇಳಿ ಆಟೋ ಹಿಡಿಯಲು ಹೋದಳು.

ಆ ಭಾನುವಾರ ಊರಿಗೆ ಹೊರಟವನು ಮಸ್ಕಿಯಲ್ಲೇ ಇಳಿದೆ. ಹುಲಿಗೆಮ್ಮ ಅಲ್ಲಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದಾಳೆ ಎಂದು ಕೇಳಿದ್ದೆ. ಮಣ್ಣಿನ ಮೈದಾನ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ರಿಂಗನ್ನು ಕಂಬಕ್ಕೆ ಕೂರಿಸಿದ್ದಳು. ರಜೆಯ ದಿನವೂ ಹತ್ತಿಪ್ಪತ್ತು ಮಕ್ಕಳು ಬಂದಿದ್ದರು. ನಾನು ಕಂಪೌಂಡಿನ ಹೊರಗೆ ನಿಂತು ನೋಡಿದೆ. ಒಂದು ಮಗು ಹಾಕಿದ ಚೆಂಡು ಸಲಸಲವೂ ಎಡಕ್ಕೇ ಹೋಗುತ್ತಿತ್ತು. ಹುಲಿಗೆಮ್ಮ ಹತ್ತಿರ ಹೋಗಿ, ಏನೂ ಹೇಳದೆ, ಮಗುವಿನ ಮೊಣಕೈಯನ್ನು ಎರಡು ಬೆರಳಿನಿಂದ ಸ್ವಲ್ಪ ಒಳಕ್ಕೆ ತಳ್ಳಿದಳು. ಮುಂದಿನ ಚೆಂಡು ಒಳಗೆ ಬಿತ್ತು.

ನಾನು ಅಷ್ಟು ವರ್ಷ “ಗುರಿ ಇಟ್ಟು ಹಾಕವ್ವಾ!” ಎಂದು ಕೂಗಿದ್ದೆ. ಮೊಣಕೈಯ ಸುದ್ದಿ ನನಗೆ ಗೊತ್ತೇ ಇರಲಿಲ್ಲ.

ಅವಳು ನನ್ನನ್ನು ನೋಡಿ ಓಡಿ ಬಂದು, ಖುರ್ಚಿ ತರಿಸಿ ನೆರಳಲ್ಲಿ ಕೂರಿಸಿದಳು. ಬಂದ ಕಾರಣ ಹೇಳಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ಹಿಡಿದು ಸಿಂಧನೂರಿಗೆ ಬಂದು ನಮ್ಮ ತಂಡಕ್ಕೆ ಕಲಿಸಬೇಕೆಂದು ಕೇಳಿದೆ.

“ನೀವು ಏನ್ ಮಾಡ್ತೀರಿ ಸರ್ರ?”

“ನಾ ಹುಡುಗ್ಯಾರನ್ನ ಬಸ್ಸಿಗೆ ಹತ್ತಸ್ತೀನಿ, ಇಳಸ್ತೀನಿ. ಮನಿಯವರ ಕೂಡ ಮಾತಾಡ್ತೀನಿ. ನಿನ್ನ ತನಕ ಯಾರ ಕಿರಿಕಿರಿನೂ ಬರದಂಗ ನೋಡಿಕೊಂತೀನಿ.”

“ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ನಾ ಕಲಿಸೋ ಮುಂದ ನೀವು ನಡುವ ಬಾಯಿ ಹಾಕಬಾರದ್ರಿ.”

“ಆತು” ಎಂದೆ. ಆ ಒಂದು ಶಬ್ದ ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನೀವು ಮೂವತ್ತು ವರ್ಷ ಸೀಟಿ ಊದಿದ ಮೇಲೆ ತಿಳಿಯುತ್ತದೆ.

ಮಂಡಳಿಯ ಸಭೆ ಕೂತಿತು. ವರದಿ ಓದಿದರು. ಅಧ್ಯಕ್ಷರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ನಿಮ್ಮದೇನರ ಹೇಳೋದು ಐತೇನ್ರಿ ಮಾಸ್ತರ?”

“ನನ್ನ ಬದಲಿಸೋದು ಬರೋಬ್ಬರಿ ಐತ್ರಿ ಸಾಹುಕಾರ್ರ. ಬದಲಿಸ್ರಿ.”

ಸಭೆ ಗಾಬರಿಯಾಯಿತು. ನಾನು ಅಳುತ್ತೇನೆ, ಜಗಳವಾಡುತ್ತೇನೆ, ನಮ್ಮ ಜಾತಿಯ ಮುಖಂಡರನ್ನು ಕರೆತರುತ್ತೇನೆ ಎಂದು ಅವರು ಸಿದ್ಧರಾಗಿ ಬಂದಿದ್ದರು. ಒಪ್ಪಿಕೊಂಡವನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

“ಹಂಗಂದ್ರ ಹೆಂಗ್ರಿ?” ಶಿವಶರಣಪ್ಪನವರು ತಮ್ಮ ವರದಿಯನ್ನೇ ಅಪ್ಪಿಕೊಂಡು ಹೇಳಿದರು. “ನಿಮ್ಮಂಥ ಅನುಭವಸ್ಥರನ್ನ ಒಮ್ಮೆಲೆ ತೆಗಿಯಾಕ ಬರತೈತೇನ್ರಿ?”

“ನೀವೇ ಬರದೀರಲ್ರಿ.”

“ಬರಿಯೋದು ಬ್ಯಾರೆ, ಮಾಡೋದು ಬ್ಯಾರೆ!”

ನಾನು ಹುಲಿಗೆಮ್ಮನ ಹೆಸರು ಹೇಳಿದೆ. ಅಧ್ಯಕ್ಷರ ಹುಬ್ಬು ಏರಿತು.

“ಹೆಣ್ಣುಮಗಳು ಕೋಚ್ ಆಗ್ತಾಳೇನ್ರಿ?”

“ತಂಡನೂ ಹೆಣ್ಣುಮಕ್ಕಳದೇ ಐತ್ರಿ.”

ಇದು ಅವರಿಗೆ ಹೊಸ ಮಾಹಿತಿಯಂತೆ ಕಂಡಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಪ್ರಶಾಂತ, “ಮಾವ, ಆ ಅಕ್ಕಾರನ್ನೇ ತಗೋರಿ, ಭಾಳ ಛಲೋ ಕಲಸ್ತಾರಂತ!” ಎಂದು ಜೀವ ಬಂದವನಂತೆ ಕೂಗಿದ. ಅವನು ಅವಳನ್ನು ನೋಡಿದ್ದೇ ಇಲ್ಲ.

“ಇನ್ನೊಂದು ಐತ್ರಿ” ಎಂದೆ. “ಕೋರ್ಟಿನ ಮ್ಯಾಲಿನ ಭತ್ತ ತೆಗಸಬೇಕ್ರಿ.”

“ಭತ್ತ? ಯಾವ ಭತ್ತ?”

ಅಧ್ಯಕ್ಷರ ಬೆನ್ನಿನ ಹಿಂದೆ ಕಿಟಕಿ ಇತ್ತು. ಕಿಟಕಿಯಾಚೆ ಕೋರ್ಟು ತುಂಬ ಭತ್ತ; ಅದರ ಮೇಲೆ ಪಾರಿವಾಳಗಳು ಊಟಕ್ಕೆ ಕೂತಿದ್ದವು. ಸಭೆಯವರೆಲ್ಲ ಅತ್ತ ನೋಡದಂತೆ ಮೇಜು ನೋಡಿದರು.

“ಅದು ಅಜೆಂಡಾದಾಗ ಇಲ್ರಿ” ಎಂದರು ಪ್ರಾಂಶುಪಾಲರು.

ಕೊನೆಗೆ ಠರಾವು ಹೀಗಾಯಿತು: ಮುಖ್ಯ ಕೋಚ್ ಆಗಿ ಅಮರಪ್ಪನವರನ್ನು ಮುಂದುವರಿಸುವುದು, ಅವರಿಗೆ ಸಹಾಯಕಿಯಾಗಿ ಹುಲಿಗೆಮ್ಮನನ್ನು ತೆಗೆದುಕೊಳ್ಳುವುದು, ಉಡುಪಿನ ಬಣ್ಣ ಬದಲಿಸುವುದು. ಕೋಚ್ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಎರಡನ್ನೂ ಮಾಡಿ, ಎರಡನ್ನೂ ಮಾಡದೆ, ಉತ್ತರ ಕೊಟ್ಟ ಇಂಥ ಸಭೆಗಳಲ್ಲಿ ನೀವೂ ಮುಂದೆ ಕೂರಬೇಕಾಗುತ್ತದೆ.

ಹುಲಿಗೆಮ್ಮ ಮೊದಲ ದಿನ ಬಂದು ಕೋರ್ಟನ್ನು ನೋಡಿದಳು. ಪಕ್ಕದಲ್ಲಿ ಭತ್ತ ಎಳೆಯುವ ಮರದ ಹಲಗೆಗಳು ಬಿದ್ದಿದ್ದವು. “ಎಳೀರಿ” ಎಂದಳು. ನಮ್ಮವರೆಲ್ಲ ಗದ್ದೆಯ ಮನೆಯ ಮಕ್ಕಳು. ನೋಡನೋಡುತ್ತ ಭತ್ತವೆಲ್ಲ ಅರ್ಧ ಕೋರ್ಟಿಗೆ ಸರಿಯಿತು. ಗಿರಣಿಯ ಆಳು ಬೊಬ್ಬೆ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಅಧ್ಯಕ್ಷರ ಕಾರು ಬಂದು ನಿಂತಿತು. ಮನೆಯವರ ಕಿರಿಕಿರಿ, ಮಂಡಳಿಯ ಕಿರಿಕಿರಿ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವನು ನಾನು. ಮುಂದೆ ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದೆ, ಅಷ್ಟೇ ಆಯಿತು.

ಲಕ್ಷ್ಮಿ ಬಗ್ಗಿ ಒಂದು ಕಾಳು ಎತ್ತಿ, ಹಲ್ಲಿನಲ್ಲಿ ಕಟ್ಟೆಂದು ಕಡಿದಳು.

“ಸಾಹುಕಾರ್ರ, ಇದು ಒಣಗಿ ಎರಡು ದಿನ ಆಗೈತ್ರಿ. ಇನ್ನ ಬಿಟ್ರ ಗಿರಣ್ಯಾಗ ಅಕ್ಕಿ ಮುರದು ನುಚ್ಚಾಗತೈತಿ.”

ಅಧ್ಯಕ್ಷರು ಅವಳ ಮುಖ ನೋಡಿದರು. ತಾವೂ ಒಂದು ಕಾಳು ಕಡಿದರು. ಇನ್ನೊಂದು ಕಡಿದರು. ಆಮೇಲೆ ಆಳಿನ ಕಡೆ ತಿರುಗಿ, “ಲೇ, ಹುಡುಗಿಗೆ ತಿಳಿದದ್ದು ನಿನಗ ತಿಳಿಯಂಗಿಲ್ಲೇನಲೇ? ಟ್ರ್ಯಾಕ್ಟರ್ ತರಸು!” ಎಂದು ಗುಡುಗಿದರು. ನಾನು ವರ್ಷಗಟ್ಟಲೆ ಕೇಳಲು ಹೆದರಿದ್ದು ಒಂದು ಕಾಳಿನಲ್ಲಿ ಮುಗಿದುಹೋಯಿತು. ಮುಂದಿನ ಬೆಳೆಯ ಹೊತ್ತಿಗೆ ಅವರು ಗಿರಣಿಗೆ ಭತ್ತ ಒಣಗಿಸುವ ಯಂತ್ರ ಹಾಕಿಸಿದರು. ವಾರ್ಷಿಕೋತ್ಸವದ ಭಾಷಣದಲ್ಲಿ ಅದನ್ನು ಕ್ರೀಡೆಗಾಗಿ ತಾವು ಮಾಡಿದ ತ್ಯಾಗವೆಂದು ವರ್ಣಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಕೊಟ್ಟ ಮಾತನ್ನು ನಾನು ಎರಡನೇ ದಿನವೇ ಮುರಿದೆ. ಆಟದ ನಡುವೆ ಅಭ್ಯಾಸ ಬಲದಿಂದ “ಗುರಿ ಇಟ್ಟು ಹಾಕವ್ವಾ!” ಎಂದುಬಿಟ್ಟೆ. ಹುಲಿಗೆಮ್ಮ ತಿರುಗಿ ನೋಡಿದಳು, ಅಷ್ಟೆ. ಅಂದಿನಿಂದ ನಾನು ಕೋರ್ಟಿಗೆ ಬರುವಾಗ ಸೀಟಿಯನ್ನು ಮನೆಯಲ್ಲೇ ಬಿಟ್ಟು ಬರತೊಡಗಿದೆ. ಚೆಂಡಿಲ್ಲದಾಗಲೂ ಏಕೆ ಓಡಬೇಕೆಂದು ಅವಳು ಲಕ್ಷ್ಮಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದ ದಿನ ನಾನೂ ಹಿಂದೆ ನಿಂತು ಕಲಿತೆ.

ಮರುವರ್ಷದ ಪಂದ್ಯ ಲಿಂಗಸುಗೂರಿನಲ್ಲಿ. ಕೊನೆಯ ಗಳಿಗೆಯಲ್ಲಿ ಒಂದು ಅಂಕ ಹಿಂದಿದ್ದೆವು. ಹುಲಿಗೆಮ್ಮ ಟೈಮ್‌ಔಟ್ ಕೇಳಿದಳು. ಮುಖ್ಯ ಕೋಚ್ ನಾನಾದ್ದರಿಂದ ಬೆಂಚಿನಿಂದ ಎದ್ದು ಎರಡು ತೋಳು ಚಾಚಿ ನಿಂತೆ. ಹುಡುಗಿಯರು ನನ್ನ ಎರಡೂ ಬದಿಯಿಂದ ಹಾದು ಅವಳ ಬಳಿಗೆ ಓಡಿದರು. ಚಾಚಿದ ತೋಳುಗಳನ್ನು ಏನು ಮಾಡುವುದೆಂದು ತಿಳಿಯದೆ ಮೈ ಮುರಿದವನಂತೆ ನಟಿಸಿದೆ. ಪ್ರೇಕ್ಷಕರ ಸಾಲಿನಿಂದ ಶಿವಶರಣಪ್ಪನವರು, “ಮಾಸ್ತರ, ಏನರ ಹೇಳ್ರಿ ಅವಕ್ಕ!” ಎಂದು ಕೂಗಿದರು.

“ಹೇಳಾಕತ್ತಾರ್ರಿ, ಕೇಳ್ರಿ!” ಎಂದು ನಾನೂ ಕೂಗಿದೆ.

ಆಟ ಮತ್ತೆ ಶುರುವಾದಾಗ ಲಕ್ಷ್ಮಿ ಚೆಂಡಿಲ್ಲದೆಯೇ ಓಡಿದಳು. ಎದುರು ತಂಡದ ಇಬ್ಬರು ಅವಳ ಹಿಂದೆ ಹೋದರು. ಖಾಲಿಯಾದ ಜಾಗದಲ್ಲಿ ನಮ್ಮ ಇನ್ನೊಬ್ಬ ಹುಡುಗಿ ಚೆಂಡು ಹಾಕಿದಳು. ಒಂದು ಅಂಕದಿಂದ ಗೆದ್ದೆವು. ಮುಂದಿನ ಸುತ್ತಿನಲ್ಲೇ ಸೋತು ಹೊರಬಿದ್ದೆವು, ಅದು ಬೇರೆ ಮಾತು. ಆದರೆ ಆ ವರ್ಷದ ವರದಿಯಲ್ಲಿ ನಾನು “ಒಂದು ಗೆಲುವು, ಒಂದು ಸೋಲು” ಎಂದು ಬರೆದು, ಪ್ರಾಂಶುಪಾಲರು ತಿದ್ದಲು ಬಂದಾಗ ಬಿಡಲಿಲ್ಲ.

ಗೆದ್ದ ದಿನ ಪತ್ರಿಕೆಯವರು ಕೋಚ್ ಯಾರು ಎಂದು ಕೇಳಿದಾಗ, ಪಂದ್ಯ ನೋಡಲು ಬಂದಿದ್ದ ಅಧ್ಯಕ್ಷರು ನನ್ನನ್ನು ಮುಂದೆ ತಳ್ಳಿದರು. ನಾನು ಹುಲಿಗೆಮ್ಮನನ್ನು ತೋರಿಸಿದೆ. “ನೋಡ್ರಿ, ಎಷ್ಟು ದೊಡ್ಡ ಮನಸು!” ಎಂದರು ಅಧ್ಯಕ್ಷರು. ಮರುದಿನದ ಪತ್ರಿಕೆಯಲ್ಲಿ ನನ್ನ ಚಿತ್ರವಿತ್ತು, ಅಧ್ಯಕ್ಷರ ಚಿತ್ರವಿತ್ತು, ಪ್ರಶಾಂತನದೂ ಇತ್ತು. ಚಿತ್ರ ತೆಗೆದವಳು ಹುಲಿಗೆಮ್ಮ. ಸತ್ಯ ಹೇಳಿದಷ್ಟೂ ನನ್ನ ವಿನಯದ ಕೀರ್ತಿ ಹೆಚ್ಚುತ್ತ ಹೋಯಿತು. ಮುಂದಿನ ವರ್ಷ ಪ್ರವೇಶ ಪತ್ರದಲ್ಲಿ ಮುಖ್ಯ ಕೋಚ್ ಎಂಬಲ್ಲಿ ಅವಳ ಹೆಸರು ಬರೆದು ಕಳಿಸಿದೆ. ಠರಾವಿನ ಉಲ್ಲಂಘನೆ ಎಂದು ಪ್ರಾಂಶುಪಾಲರು ಮೆಮೊ ಕೊಟ್ಟರು. ಉತ್ತರವಾಗಿ, ತಪ್ಪು ತಿದ್ದಿದ್ದೇನೆ ಎಂದು ಒಂದು ಸಾಲು ಬರೆದುಕೊಟ್ಟೆ. ಆಮೇಲಿನ ಪತ್ರಗಳೆಲ್ಲ ಅವಳ ಹೆಸರಿನಲ್ಲೇ ಹೋದವು.

ನಾನು ನಿವೃತ್ತನಾದ ದಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಇಟ್ಟರು. ಬ್ಯಾಸ್ಕೆಟ್‌ಬಾಲಿನ ಭೀಷ್ಮ ಎಂದರು ಒಬ್ಬರು. ಶಿವಶರಣಪ್ಪನವರು ಶಾಲು ಹೊದಿಸಿ, ತಂಡ ಗೆದ್ದದ್ದಕ್ಕೆ ಉಡುಪಿನ ಹೊಸ ಬಣ್ಣವೂ ಸ್ವಲ್ಪ ಕಾರಣ ಎಂದು ನೆನಪಿಸಿದರು. ಹುಲಿಗೆಮ್ಮ ಬಂದಿರಲಿಲ್ಲ. ಬೆಳಿಗ್ಗೆಯೇ ಫೋನು ಮಾಡಿ, “ನಾಡದ್ದು ಪಂದ್ಯ ಐತ್ರಿ ಸರ್ರ, ಹುಡುಗ್ಯಾರನ್ನ ಬಿಟ್ಟು ಬರಾಕ ಆಗಂಗಿಲ್ಲ” ಎಂದು ಹೇಳಿದ್ದಳು. ಭಾಷಣಗಳ ನಡುವೆ ಹೊರಗಿನಿಂದ ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು. ಪ್ರಾಂಶುಪಾಲರು ಎದ್ದು ಆ ಕಡೆಯ ಕಿಟಕಿ ಮುಚ್ಚಿಸಿದರು.

ಸಭೆ ಮುಗಿದ ಮೇಲೆ ಕೊರಳ ಹಾರ ತೆಗೆದು ಕೈಯಲ್ಲಿ ಹಿಡಿದು ಕೋರ್ಟಿಗೆ ಹೋದೆ. ಆಗಷ್ಟೇ ಸೇರಿದ ಹುಡುಗಿಯರು, ನನ್ನ ಮುಖ ಸರಿಯಾಗಿ ಬಲ್ಲವರಲ್ಲ. ಆಟ ಜೋರಾಗಿ ನಡೆದಿತ್ತು. ಹುಲಿಗೆಮ್ಮ ನನ್ನ ಕಡೆ ಒಮ್ಮೆ ನೋಡಿ ತಲೆಯಾಡಿಸಿ ಮತ್ತೆ ಆಟದ ಕಡೆ ತಿರುಗಿದಳು. ಇನ್ನೂ ಚೆನ್ನಾಗಿ ಕಾಣಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಬದಿಯಲ್ಲಿ ನಿಂತಿದ್ದ ಸಣ್ಣ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದಳು.

“ಅಜ್ಜಾರ, ಗೆರಿ ದಾಟಬ್ಯಾಡ್ರಿ. ಆಟ ನಡದೈತಿ.”

ಸರಿ ಎಂದು ಹಿಂದೆ ಸರಿದು ನಿಂತೆ.